ಬಂದೂಕಿಗೊಂದು ಬೊಟ್ಟು

ಅಮೆರಿಕದ ಪಾರ್ಕಿಂಗ್ ಲಾಟುಗಳಲ್ಲಿ ನಮ್ಮವರ ಕಾರನ್ನು ಪತ್ತೆ ಹಚ್ಚುವುದಕ್ಕೆ ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ. ಕಿಟಕಿಯ ಗಾಜಿನಲ್ಲಿ ಇಣುಕಿ ಸ್ಟೀರಿಂಗಿನ ನಟ್ಟನಡುವೆ ನೋಡಿದರೆ ಸಾಕು. ಹಿಂದಿನ ದಸರೆಯಲ್ಲೋ, ದೇವಸ್ಥಾನದ ಮುಂದೆ ಮಾಡಿಸಿದ ವಾಹನಪೂಜೆಯಲ್ಲೋ ಇಟ್ಟ ಕುಂಕುಮದ ಬೊಟ್ಟೊಂದು ಅಲ್ಲಿ ತಣ್ಣಗೆ ಕುಳಿತಿರುತ್ತದೆ. ಷಾರ್ಲೆಟ್ಟಿನಲ್ಲಿ ನನ್ನ ಮೊದಲನೆಯ ಕಾರನ್ನು ಮಾರಲು ಹೊರಟಾಗ, ಕೊಳ್ಳಲು ಬಂದ ಯುವತಿ ಆ ಕೆಂಪನ್ನು ಉಗುರಿನಿಂದ ಕೆರೆದು ನೋಡಿ, ಇದು ಯಾರ ಲಿಪ್‌ಸ್ಟಿಕ್ ಎಂದು ಕೇಳಲೋ ಬೇಡವೋ ಎಂಬಂತೆ ನನ್ನ ಹೆಂಡತಿಯ ಮುಖ ನೋಡಿದ್ದಳು. ಬಟ್ಟೆಗೆ ಬಿದ್ದರೂ ಅಷ್ಟೇ, ಪ್ಲಾಸ್ಟಿಕ್ಕಿಗೆ ಬಿದ್ದರೂ ಅಷ್ಟೇ, ಕುಂಕುಮದ ಕಲೆ ಹೋಗುವುದೇ ಇಲ್ಲ ಎಂಬುದು ನನ್ನ ಬಹುಕಾಲದ ಸಿದ್ಧಾಂತವಾಗಿತ್ತು. ಆ ಸಿದ್ಧಾಂತಕ್ಕೆ ಒಂದು ತಿದ್ದುಪಡಿ ತರಬೇಕಾಗಿ ಬಂದದ್ದು ಒಂದು ಬಂದೂಕಿನಿಂದ.

ನಾನು ಮತ್ತು ಬಂದೂಕು ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಮೈಸೂರಿನ ನಮ್ಮ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು ತೂಕಡಿಸುತ್ತಿದ್ದ ಕಾವಲುಗಾರನ ಜೋಡಿನಳಿಗೆಯ ಬಂದೂಕೇ ನಾನು ಹತ್ತಿರದಿಂದ ಕಂಡ ಏಕೈಕ ಶಸ್ತ್ರ. ಅದರಲ್ಲಿ ಗುಂಡಿತ್ತೋ ಇಲ್ಲವೋ ಆ ಕಾವಲುಗಾರನಿಗೂ ಖಾತರಿಯಿರಲಿಲ್ಲವೆಂದು ನನ್ನ ಗುಮಾನಿ. ವಿಧಿಯ ವಿನೋದ ನೋಡಿ, ತೊಂಬತ್ತರ ದಶಕದಲ್ಲಿ ಷಾರ್ಲೆಟ್ಟಿಗೆ ಬಂದು ನಾನು ಕೆಲಸಕ್ಕೆ ಸೇರಿದ್ದೂ ಒಂದು ಬ್ಯಾಂಕಿಗೇ. ಅಲ್ಲಿ ಎಲ್ಲಿ ಹುಡುಕಿದರೂ ಬಂದೂಕು ಕಾಣಲಿಲ್ಲ, ಪಕ್ಕದ ಮನೆಯ ಗರಾಜಿನಲ್ಲಿ ಮಾತ್ರ ಬಾಗಿಲು ತೆರೆದೇ ಒಂದನ್ನು ಕಟ್ಟುತ್ತಿದ್ದರು.

ಕಟ್ಟುತ್ತಿದ್ದವರು ವಾಲ್ಟರ್. ಬಟ್ಟೆಯ ಗಿರಣಿಯೊಂದರಲ್ಲಿ ಮಗ್ಗಗಳ ರಿಪೇರಿ ನೋಡಿಕೊಂಡಿದ್ದು, ಗಿರಣಿ ಮುಚ್ಚಿದ ಮೇಲೆ ಮನೆಯಲ್ಲಿದ್ದವರು. ಎತ್ತರದ ಆಳು, ಮಿತಭಾಷಿ, ಯಾರು ಹೋದರೂ ಕುರ್ಚಿ ಸರಿಸಿಕೊಟ್ಟು ತಮ್ಮ ಕೆಲಸ ಮುಂದುವರಿಸುವ ಜಾಯಮಾನ. ಅವರ ಅಣ್ಣ ರಾಯ್ ಎರಡನೆಯ ಮಹಾಯುದ್ಧ ಮುಗಿಸಿ ಯೂರೋಪಿನಿಂದ ಬರುವಾಗ ಸೋತ ಸೈನ್ಯದ ರೈಫಲೊಂದನ್ನು ತಂದಿದ್ದರಂತೆ. ಅದು ಅರ್ಧ ಶತಮಾನ ಅಟ್ಟದ ಮೇಲೆ ಬಿದ್ದಿತ್ತು. ಮರ ಸೀಳಿತ್ತು, ನಳಿಗೆ ತುಕ್ಕು ಹಿಡಿದಿತ್ತು. ಗಟ್ಟಿಯಾಗಿ ಉಳಿದದ್ದು ನಡುವಿನ ಉಕ್ಕಿನ ಭಾಗ ಮಾತ್ರ. ಅದನ್ನು ಆ್ಯಕ್ಷನ್ ಎನ್ನುತ್ತಾರೆ; ನಮ್ಮ ಹಳೆಯ ಬಾಗಿಲುಗಳ ಅಗುಳಿಯ ಹಾಗೆ ಹಿಂದಕ್ಕೂ ಮುಂದಕ್ಕೂ ಸರಿಯುವ ಬೋಲ್ಟು ಅದರೊಳಗೆ ಇರುತ್ತದೆ. ವಾಲ್ಟರ್ ಅದೊಂದನ್ನು ಉಳಿಸಿಕೊಂಡು, ಹೊಸ ನಳಿಗೆ, ಹೊಸ ಮರದ ಮೈ ಕೊಟ್ಟು ಜಿಂಕೆಬೇಟೆಯ ರೈಫಲ್ ಮಾಡುತ್ತಿದ್ದರು.

ಮಾಡುತ್ತಿದ್ದದ್ದು ತಮಗಲ್ಲ, ಆ ಅಣ್ಣನಿಗೇ. ಪ್ರತಿ ನವೆಂಬರಿನಲ್ಲಿ ಅಣ್ಣತಮ್ಮಂದಿರು ಬೆಟ್ಟಕ್ಕೆ ಹೋಗುವ ಪದ್ಧತಿ ಮದುವೆಗಳಿಗಿಂತ ಹಳೆಯದು. ಆದರೆ ಹಿಂದಿನ ವರ್ಷ ರಾಯ್ ಅವರ ಬಲಗಣ್ಣು ಹೋಯಿತು. ಗುರಿ ತಪ್ಪುವವನು ಪ್ರಾಣಿಯನ್ನು ಗಾಯಗೊಳಿಸಿ ಓಡಿಸುತ್ತಾನೆ, ಅಂಥ ಪಾಪ ನನಗೆ ಬೇಡ ಎಂದು ಅವರು ಬೇಟೆ ಬಿಟ್ಟರು. ಬಿಟ್ಟದ್ದು ಬೇಟೆಯನ್ನಷ್ಟೇ ಅಲ್ಲ, ಬೆಳಗಿನ ತಿಂಡಿಗೆ ತಮ್ಮನ ಜೊತೆ ಹೋಟೆಲಿಗೆ ಹೋಗುವುದನ್ನೂ, ಕೊನೆಗೆ ಮನೆಯಿಂದ ಹೊರಬರುವುದನ್ನೂ. ಎಡಗಣ್ಣು ಚೆನ್ನಾಗಿಯೇ ಇತ್ತು. ಹಾಗಾಗಿ ಎಡಭುಜಕ್ಕೆ ಒರಗುವಂತೆ, ಎಡಗೆನ್ನೆ ಕೂರುವಂತೆ ಮರವನ್ನು ಕೆತ್ತಿಕೊಟ್ಟರೆ ಅಣ್ಣ ಮತ್ತೆ ಬರಬಹುದೆಂಬುದು ವಾಲ್ಟರ್ ಅವರ ಆಸೆ. ಅಣ್ಣನಿಗೆ ಇದು ತಿಳಿದಾಗ ಫೋನಿನಲ್ಲಿ, ನನಗೆ ಊರುಗೋಲು ಮಾಡಿಕೊಡಬೇಡ, ನಾನದನ್ನು ಮುಟ್ಟುವುದೂ ಇಲ್ಲ ಎಂದರಂತೆ. ವಾಲ್ಟರ್ ಇದನ್ನು ನನಗೆ ಹೇಳಿದ್ದು ಉಳಿಯಿಂದ ತಲೆಯೆತ್ತದೆ. ಹೇಳಿ, ಕೆತ್ತುವುದನ್ನು ಮುಂದುವರಿಸಿದರು.

ನನ್ನ ಕುತೂಹಲಕ್ಕೆ ಮೊದಲ ಕಾರಣ ಹೊಟ್ಟೆಪಾಡು. ಆಗ ಬ್ಯಾಂಕಿನಲ್ಲಿ ನನ್ನ ಕೆಲಸವೆಂದರೆ, ಎರಡು ಸಾವಿರದ ಇಸವಿ ಬಂದೊಡನೆ ತಲೆತಿರುಗಿ ಬೀಳಲಿದ್ದ ಪುರಾತನ ಪ್ರೋಗ್ರಾಮುಗಳಿಗೆ ಪ್ರಥಮ ಚಿಕಿತ್ಸೆ. ಬರೆದವರು ನಿವೃತ್ತರಾಗಿದ್ದರು, ಕೆಲವರು ಕೈವಲ್ಯ ಕಂಡಿದ್ದರು. ಹಳೆಯ ಹೃದಯವನ್ನು ಮುಟ್ಟದೆ ಸುತ್ತಲಿನ ದೇಹವನ್ನು ಬದಲಿಸಬೇಕಾಗಿತ್ತು. ಇಬ್ಬರದೂ ಜೀರ್ಣೋದ್ಧಾರದ ಕಾಯಕವೇ ಎಂದು ನಾನು ವಾಲ್ಟರ್ ಅವರಿಗೆ ಹೆಮ್ಮೆಯಿಂದ ವಿವರಿಸಿದೆ. ಅವರು ಯೋಚಿಸಿ, ಆದರೆ ನನ್ನದನ್ನು ಕೈಯಲ್ಲಿ ಹಿಡಿಯಬಹುದು ಎಂದರು. ಅಂದಿನಿಂದ ನಾನು ಹೋಲಿಕೆ ಬಿಟ್ಟು ಬರೀ ನೋಡತೊಡಗಿದೆ.

ನೋಡುವುದಕ್ಕೆ ಏನೆಲ್ಲ ಇತ್ತು. ಎಂದೋ ಗಾಳಿಗೆ ಉರುಳಿದ ಅಕ್ರೋಟಿನ ಮರದ ಹಲಗೆಯನ್ನು ಅವರು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿಟ್ಟಿದ್ದರು. ಅದರೊಳಗೆ ಉಕ್ಕು ಕೂದಲೆಳೆಯ ಸಂದಿಲ್ಲದೆ ಕೂರಬೇಕು. ಅದಕ್ಕೆ ಅವರು ಮಾಡುತ್ತಿದ್ದ ಉಪಾಯ ಹೀಗೆ: ಸೀಮೆಎಣ್ಣೆಯ ದೀಪದ ಹೊಗೆಗೆ ಉಕ್ಕನ್ನು ಹಿಡಿದು ಮಸಿ ಕೂರಿಸುವುದು, ಮರದೊಳಗೆ ಒತ್ತಿ ತೆಗೆಯುವುದು, ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮಾತ್ರ ಒಂದು ಪದರ ಕೆರೆಯುವುದು, ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ಆ ಬೇಸಿಗೆಯಲ್ಲಿ ಮೈಸೂರಿನಿಂದ ಬಂದ ನನ್ನ ಅಮ್ಮ ಒಂದು ಸಂಜೆ ನನ್ನ ಜೊತೆ ಬಂದು ಇದನ್ನು ನೋಡಿ, ಬಂದೂಕಿಗೂ ಕಾಡಿಗೆ ಹಚ್ಚುತ್ತಾರಲ್ಲ ಎಂದು ಬಹಳ ಸಂತೋಷಪಟ್ಟರು. ಅವರು ನನಗೂ ನನ್ನ ತಂಗಿಗೂ ಹರಳೆಣ್ಣೆಯ ದೀಪದಿಂದ ಹೀಗೆಯೇ ಕಾಡಿಗೆ ಹಿಡಿಯುತ್ತಿದ್ದವರು. ಅಂದಿನಿಂದ ಅಮ್ಮನ ಪಾಲಿಗೆ ಅದು ವಾಲ್ಟರ್ ಅವರ ಮಗುವಾಯಿತು. ದಿನವೂ ಸಂಜೆ ಅದು ಎಷ್ಟು ಬೆಳೆದಿದೆಯೆಂದು ವಿಚಾರಿಸಿಕೊಳ್ಳುತ್ತಿದ್ದರು.

ಅದು ಬೆಳೆದು ಮಾಡುವುದೇನೆಂದು ಅಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಊರಂಚಿನ ಬ್ಯಾಲಂಟೈನ್ ಕಡೆ ಆಗ ಮರ ಕಡಿದು ಆಫೀಸು ಕಟ್ಟುತ್ತಿದ್ದರು. ನೆಲೆ ತಪ್ಪಿದ ಜಿಂಕೆಗಳು ನಮ್ಮ ಹಿತ್ತಲಿಗೆ ಬಂದು ಅಮ್ಮ ಹಾಕಿದ್ದ ಅವರೆ ಬಳ್ಳಿಯನ್ನು ಬುಡಸಮೇತ ಮೇಯುತ್ತಿದ್ದವು. ಅಮ್ಮ ಬೆಳಿಗ್ಗೆ ಅವುಗಳಿಗೆ ಶಾಪ ಹಾಕುವರು, ಮಧ್ಯಾಹ್ನ ಸೇಬಿನ ಸಿಪ್ಪೆ ಹಾಕುವರು. ನನ್ನ ಅಹಿಂಸೆಯೂ ಇಷ್ಟೇ ಸುಸಂಬದ್ಧವಾದದ್ದು. ಕೊಲ್ಲುವ ವಸ್ತುವೊಂದು ಇಷ್ಟು ಚೆಲುವಾಗುತ್ತಿರುವುದನ್ನು ಕಂಡು ಮನಸ್ಸು ಕಸಿವಿಸಿಗೊಳ್ಳುತ್ತಿತ್ತು, ಆದರೆ ಕಾಲು ಮಾತ್ರ ಆಫೀಸಿನಿಂದ ನೇರ ಆ ಗರಾಜಿಗೇ ಹೋಗುತ್ತಿತ್ತು.

ಅಕ್ಟೋಬರ್ ಬಂತು. ಉಕ್ಕಿನ ಭಾಗಗಳಿಗೆ ಕಪ್ಪು ಹೊಳಪು ಕೊಡಿಸಲು ವಾಲ್ಟರ್ ಅಟ್ಲಾಂಟಾದ ಸ್ನೇಹಿತರೊಬ್ಬರಲ್ಲಿಗೆ ಹೊರಟರು. ಮರಕ್ಕೆ ಆಗ ಅಗಸೆ ಎಣ್ಣೆ ಕುಡಿಸುವ ಕಾಲ. ದಿನಕ್ಕೊಮ್ಮೆ ಬೆರಳ ತುದಿಯಷ್ಟು ಎಣ್ಣೆ ಹಾಕಿ ಅಂಗೈ ಬಿಸಿಯಾಗುವ ತನಕ ಉಜ್ಜಬೇಕು, ಒಂದು ದಿನವೂ ತಪ್ಪಬಾರದು. ಆ ಹೊಣೆಯನ್ನು ಅವರು ನನಗೆ ವಹಿಸಿದರು. ಹಿಂದಿರುಗುವಾಗ ಹೇಗಾದರೂ ಮಾಡಿ ಅಣ್ಣನನ್ನು ಕರೆತರುತ್ತೇನೆ, ಕಣ್ಣಿಂದ ನೋಡಿದರೆ ಮನಸ್ಸು ಬದಲಾದೀತು, ಆದ್ದರಿಂದ ಜೋಪಾನ ಎಂದು ಹೇಳಿದರು. ಜೀವನದಲ್ಲಿ ಕೈಯಿಂದ ಏನನ್ನೂ ಮಾಡದ ನಾನು ಊಟದ ಮೇಜಿನ ಮೇಲೆ ಪೇಪರ್ ಹಾಸಿ ಬಂದೂಕಿನ ಮರಕ್ಕೆ ಅಭ್ಯಂಜನ ಮಾಡಿಸತೊಡಗಿದೆ. ಕೆನ್ನೆ ಒರಗಲೆಂದು ಬಲಬದಿಯಲ್ಲಿ ಬಿಟ್ಟಿದ್ದ ಉಬ್ಬು ಎಣ್ಣೆಯುಂಡು ದಿನದಿನಕ್ಕೂ ಮಿರುಗುತ್ತಿತ್ತು. ಇಲ್ಲಿ ಅವರಣ್ಣ ಕೆನ್ನೆ ಇಡುತ್ತಾರೆ ಎಂದು ಅಮ್ಮನಿಗೆ ತೋರಿಸಿದವನು ನಾನೇ.

ಆ ಶುಕ್ರವಾರ ಮಹಾನವಮಿ. ಬೆಳಿಗ್ಗೆ ಎಣ್ಣೆ ತಿಕ್ಕಿ ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ನೋಡುತ್ತೇನೆ, ದೇವರ ಮುಂದೆ ಆಯುಧಪೂಜೆ ಸಾಂಗವಾಗಿ ನಡೆದಿದೆ: ತರಕಾರಿ ಚಾಕು, ಕತ್ತರಿ, ಕಂಪ್ಯೂಟರಿನ ಕೀಬೋರ್ಡು, ವ್ಯಾಕ್ಯೂಮ್ ಕ್ಲೀನರ್, ಅಮ್ಮನ ಕನ್ನಡಕ, ಇವೆಲ್ಲದರ ನಡುವೆ ಸೇವಂತಿಗೆ ಮುಡಿದು ಮಲಗಿರುವ ವಾಲ್ಟರ್ ಅವರ ಮರ. ಉಬ್ಬಿದ ಕೆನ್ನೆಯ ಮೇಲೆ ಅರಿಶಿನ, ಅದರ ಮೇಲೆ ಕಾಸಿನಗಲದ ಕುಂಕುಮ. ನಾನು ಕರವಸ್ತ್ರ ಹಿಡಿದು ಧಾವಿಸಿದೆ. ಹಸಿ ಎಣ್ಣೆಯೊಳಗೆ ಇಳಿದ ಬಣ್ಣ ಒರೆಸಿದಷ್ಟೂ ಒಳಗೆ ಹೋಯಿತು.

"ಒರಸ್ಬೇಡ ಕಣೋ, ಪೂಜೆ ಮಾಡಿರೋದು," ಎಂದರು ಅಮ್ಮ. "ಮಗು ಕೆನ್ನೆಗೆ ಬೊಟ್ಟು ಇಡಲ್ವಾ? ಮನೇಗೆ ಬಂದಿರೋ ಆಯುಧ, ಅದನ್ನ ಬಿಟ್ಟು ಪೂಜೆ ಮಾಡೋಕಾಗತ್ತಾ?"

ಶಸ್ತ್ರಕ್ಕೂ ಶಾಸ್ತ್ರಕ್ಕೂ ಇರುವ ಅಂತರವನ್ನು ನಾನು ವಿವರಿಸಲು ಹೋಗಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮತ್ತೆ ಮರಳುಕಾಗದ ಹಾಕಿ ಉಜ್ಜಿ ಮೊದಲಿನಿಂದ ಎಣ್ಣೆ ಕುಡಿಸುವ ಹೊತ್ತಿಗೆ ಬೇಟೆಯ ಕಾಲ ಮುಗಿದಿರುತ್ತದೆ. ಮುಟ್ಟುವುದೇ ಇಲ್ಲವೆಂದ ಅಣ್ಣನಿಗೆ ತೋರಿಸಲು ವಾಲ್ಟರ್ ಅವರಲ್ಲಿದ್ದದ್ದು ಇದೊಂದೇ, ಅದನ್ನೂ ನಾವು ಕೆಡಿಸಿಟ್ಟಿದ್ದೆವು.

ಮರುದಿನ ಬೆಳಿಗ್ಗೆ ಅಣ್ಣತಮ್ಮಂದಿರಿಬ್ಬರೂ ಬಂದರು. ರಾಯ್ ತಮ್ಮನಿಗಿಂತ ಕುಳ್ಳು, ಬಲಗಣ್ಣಿನ ಮೇಲೆ ಮಬ್ಬು. ತಮ್ಮನ ಒತ್ತಾಯಕ್ಕೆ ಬಂದಿದ್ದೇನೆ, ಬೇಗ ಹೊರಡಬೇಕು ಎಂಬುದನ್ನು ಕುಳಿತ ರೀತಿಯಲ್ಲೇ ತಿಳಿಸಿದರು. ನಾನು ಮರವನ್ನು ತಂದು ಮೇಜಿನ ಮೇಲಿಟ್ಟು, ಕ್ಷಮಾಪಣೆಯನ್ನು ಮೂರು ಕಾಲಗಳಲ್ಲೂ ಕೇಳಿದೆ. ವಾಲ್ಟರ್ ಆ ಕೆಂಪಿನ ಮೇಲೆ ಹೆಬ್ಬೆರಳನ್ನು ಆಡಿಸಿದರು. ಅವರ ಮುಖ ನೋಡಲಾಗದೆ ನಾನು ಕಾಫಿಯ ನೆಪದಲ್ಲಿ ಎದ್ದೆ. ಆಗ ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಇಬ್ಬರು ಮುದುಕರೂ ಕ್ಯಾಪ್ ತೆಗೆದು ಎದ್ದು ನಿಂತರು; ಆ ಸೀಮೆಯಲ್ಲಿ ಹಿರಿಯ ಹೆಂಗಸು ಬಂದರೆ ಗಂಡಸರು ಕುಳಿತಿರುವುದಿಲ್ಲ.

ಅಮ್ಮ ನೇರವಾಗಿ ವಿಷಯಕ್ಕೆ ಬಂದರು. "ನಿನ್ನೆ ಪೂಜೆಗಿಟ್ಟಿದ್ದನ್ನ ಇವತ್ತು ದಶಮಿ ದಿನ ಎತ್ಕೋಬೇಕು, ಇಲ್ದಿದ್ರೆ ಪೂಜೆ ಪೂರ್ತಿ ಆಗಲ್ಲ. ನಾನು ಕನ್ನಡಕ ಹಾಕ್ಕೊಂಡು ಓದಿದ್ದಾಯ್ತು, ನೀನು ಕಾರ್ ತೆಗೆದಿದ್ದಾಯ್ತು. ಇದೊಂದೇ ಬಾಕಿ. ಇದು ಯಾರದೋ ಅವ್ರೇ ಎತ್ಕೋಬೇಕು ಅಂತ ಹೇಳು."

ನಾನು ಅಳುಕುತ್ತಲೇ ಇಂಗ್ಲಿಷಿಗೆ ತಿರುಗಿಸಿದೆ. ಇದು ಯಾರದು ಎಂಬಲ್ಲಿಗೆ ಬಂದಾಗ ವಾಲ್ಟರ್, ಇದು ಅವನದು ಎಂದು ಅಣ್ಣನ ಕಡೆ ತೋರಿಸಿದರು. ರಾಯ್ ತಮ್ಮನನ್ನು ನೋಡಿದರು, ಮರವನ್ನು ನೋಡಿದರು, ಕೊನೆಗೆ ಅವರ ಭುಜದೆತ್ತರಕ್ಕೂ ಬಾರದ ನನ್ನ ಅಮ್ಮನನ್ನು ನೋಡಿದರು. ತಮ್ಮನಿಗೆ ಎಷ್ಟು ಸಲ ಬೇಕಾದರೂ ಇಲ್ಲವೆನ್ನಬಲ್ಲ ಮನುಷ್ಯ ಅವರು. ಆದರೆ ಅವರನ್ನು ಬೆಳೆಸಿದ ರೀತಿಯಲ್ಲಿ, ಮುದುಕಿಯೊಬ್ಬಳ ಮನೆಯಲ್ಲಿ ನಿಂತು ಅವಳ ಪೂಜೆ ಕೆಡಿಸುವುದಕ್ಕೆ ಅವಕಾಶವಿರಲಿಲ್ಲ.

"ಆಗಲಿ, ಮ್ಯಾಮ್," ಎಂದು ಎತ್ತಿಕೊಂಡರು.

ಅರ್ಧ ಶತಮಾನದ ಅಭ್ಯಾಸಕ್ಕೆ ಅದು ಮೊದಲು ಬಲಭುಜಕ್ಕೇ ಹೋಯಿತು. ಮರ ಒಪ್ಪಲಿಲ್ಲ. ಅವರು ಒಂದು ಗಳಿಗೆ ಹಾಗೆಯೇ ನಿಂತರು. ಇನ್ನು ಕೆಳಗಿಡುತ್ತಾರೆ ಎಂದುಕೊಂಡೆ. ಕೆಳಗಿಡದೆ, ನಿಧಾನವಾಗಿ ಎಡಕ್ಕೆ ತಂದು, ಕೆಂಪು ಬೊಟ್ಟು ಎಲ್ಲಿದೆಯೆಂದು ನೋಡಿಕೊಂಡು ಅದರ ಮೇಲೆ ಕೆನ್ನೆಯಿಟ್ಟರು. ನಳಿಗೆಯಿಲ್ಲ, ಬೋಲ್ಟಿಲ್ಲ, ಬರೀ ಮರ. ಅದರ ನೇರದಲ್ಲಿ ಅವರ ಎಡಗಣ್ಣು ಕಿಟಕಿಯಾಚೆ ಅಮ್ಮನ ಅವರೆಯ ಪಾತಿಯನ್ನು ಬಹಳ ಹೊತ್ತು ನೋಡಿತು. ಕೆನ್ನೆ ತೆಗೆಯದೆಯೇ ಅವರು ಕೇಳಿದರು:

"ಇದರ ಉಳಿದದ್ದೆಲ್ಲಿ, ವಾಲ್ಟರ್?"

ಉಳಿದದ್ದು ಹೊರಗೆ ಟ್ರಕ್ಕಿನಲ್ಲಿತ್ತು. ಅದನ್ನು ತರಲು ಹೊರಟ ವಾಲ್ಟರ್ ನಮ್ಮ ಬಾಗಿಲ ಬಳಿ ಕ್ಯಾಪನ್ನು ತಪ್ಪಾಗಿ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡರು. ಅಮ್ಮ ಮಾತ್ರ, ಸರಿ, ಪೂಜೆ ಮುಗೀತು ಎಂದು ಇಬ್ಬರಿಗೂ ಹಯಗ್ರೀವ ತರಲು ಒಳಗೆ ಹೋದರು.

ನವೆಂಬರಿನಲ್ಲಿ ಅವರಿಬ್ಬರೂ ಬೆಟ್ಟಕ್ಕೆ ಹೋದರು. ಬಂದಾಗ, ನಾವು ಮಾಂಸ ತಿನ್ನುವವರಲ್ಲವೆಂದು ನೆನಪಿಟ್ಟು, ಒಂದು ಬುಟ್ಟಿ ಬೆಟ್ಟದ ಸೇಬು ತಂದುಕೊಟ್ಟರು. ರಾಯ್ ಜಿಂಕೆ ಹೊಡೆದರೋ, ಸುಮ್ಮನೆ ಮರದಡಿ ಕುಳಿತು ಬಂದರೋ, ನಾನು ಕೇಳಲಿಲ್ಲ. ಕುತೂಹಲಿಗಳಿಗೂ ವರ್ಷಕ್ಕೊಂದು ಉಪವಾಸ ಒಳ್ಳೆಯದು. ಸಿಪ್ಪೆಯನ್ನು ಅಮ್ಮ ಎಂದಿನಂತೆ ಹಿತ್ತಲಿಗೆ ಹಾಕಿದರು.

ಕುಂಕುಮದ ಕಲೆ ಹೋಗುವುದೇ ಇಲ್ಲವೆಂದು ಮೊದಲಿಗೆ ಹೇಳಿದೆನಲ್ಲ, ಅದಕ್ಕೆ ತಿದ್ದುಪಡಿ ಇಲ್ಲಿದೆ: ಯಾರೂ ಮುಟ್ಟದ ಕಡೆ ಹೋಗುವುದಿಲ್ಲ, ದಿನವೂ ಕೆನ್ನೆಯೊರಗಿದರೆ ಹೋಗುತ್ತದೆ. ಮುಂದಿನ ವರ್ಷ ಅಮ್ಮ ಮೈಸೂರಿನಲ್ಲಿದ್ದರು. ಈ ಸಲದ ಹಬ್ಬ ಯಾವತ್ತೆಂದು ವಾಲ್ಟರ್ ಒಮ್ಮೆ ಕೇಳಿದ್ದರು, ನಾನು ಹೇಳಿ ಮರೆತಿದ್ದೆ. ಆಯುಧಪೂಜೆಯ ದಿನ ನಾನು ಹಳೆಯ ಚಡ್ಡಿಯಲ್ಲಿ ಟಿವಿ ನೋಡುತ್ತ ಕುಳಿತಿದ್ದಾಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಅಣ್ಣತಮ್ಮಂದಿರು, ರಾಯ್ ತೋಳಿನಲ್ಲಿ ಟವೆಲು ಸುತ್ತಿದ ರೈಫಲು, ಬೋಲ್ಟನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದರು. ಟವೆಲು ಸರಿಸಿ ತೋರಿಸಿದರು: ಬೊಟ್ಟಿನ ಜಾಗದಲ್ಲಿ ಮಸುಕಾದ ಒಂದು ನೆರಳಷ್ಟೇ ಉಳಿದಿತ್ತು. ಅವರನ್ನು ಕೂರಿಸಿ, ಸ್ನಾನ ಮಾಡಿ, ಪಂಚೆಯುಟ್ಟು, ಹೆಂಡತಿಯ ಬಟ್ಟಲಿನಿಂದ ಕುಂಕುಮ ತೆಗೆದು, ಅವರು ಬೆರಳಿಟ್ಟು ತೋರಿಸಿದ ಕಡೆ ಇಟ್ಟೆ. ಮುಗಿಯಿತು, ಇನ್ನು ಒಯ್ಯಬಹುದು ಎಂದೆ. ರಾಯ್ ಆಗಲೇ ಎದ್ದು ಕ್ಯಾಪ್ ಹಾಕಿಕೊಂಡಿದ್ದರು. ರೈಫಲನ್ನು ಮಾತ್ರ ಎತ್ತಿಕೊಳ್ಳಲಿಲ್ಲ.

"ಇವತ್ತಲ್ಲ," ಎಂದರು. "ನಿಮ್ಮ ತಾಯಿ ಹೇಳಿದ್ದು, ಎತ್ತಿಕೊಳ್ಳುವುದು ಮರುದಿನ. ನಾಳೆ ಬೆಳಿಗ್ಗೆ ಬರುತ್ತೇನೆ."