ಇಡ್ಲಿ ಹೇಳಿದ ಸಾಕ್ಷಿ

ನಾಲ್ಕು ತುತ್ತು ಉಂಡರೆ ಸಾಕು, ಹೊಟ್ಟೆ ತುಂಬುತ್ತಿತ್ತು. ಮದುವೆಯೂಟ ಮುಗಿಸಿ ಎದ್ದವನ ಹಾಗೆ ಬಿಗಿತ, ತೇಗು. ಹಸಿವೆ ಎಂಬುದು ಎಲ್ಲಿ ಹೋಯಿತೋ ತಿಳಿಯದು.

ಆದರೂ ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಕೂರುತ್ತಿದ್ದೆ. ಮಲಾಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತನಾದವನು ನಾನು. ಶಟರ್ ಎತ್ತುವ ಮೊದಲು ದಿನದ ಮೊದಲ ಇಡ್ಲಿಯ ರುಚಿ ನೋಡುವುದರಿಂದ ಹಿಡಿದು ಬೀಗ ಹಾಕುವವರೆಗೆ ಪ್ರತಿಯೊಂದಕ್ಕೂ ಹೊತ್ತು ಗೊತ್ತುಮಾಡಿಕೊಂಡೇ ಬದುಕಿದೆ. ಇಪ್ಪತ್ತು ವರ್ಷದ ಡಯಾಬಿಟಿಸನ್ನೂ ಹಾಗೆಯೇ ನಿಭಾಯಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹೊತ್ತಿಗೆ ಇನ್ಸುಲಿನ್, ಹೊತ್ತಿಗೆ ಊಟ. ಶುಗರ್ ಮಾತ್ರ ನನ್ನ ಶಿಸ್ತಿಗೆ ಮರ್ಯಾದೆ ಕೊಡುತ್ತಿರಲಿಲ್ಲ. ಉಂಡು ಕೈ ತೊಳೆದ ಸ್ವಲ್ಪ ಹೊತ್ತಿಗೇ ಬೆವರಿ, ಕೈ ನಡುಗಿ, ಲೋ. ಸಂಜೆ ಏನೂ ತಿನ್ನದೆಯೇ ಹೈ.

ಒಂದು ಸಂಜೆ ವಾಂತಿಯಾಯಿತು. ನೋಡಿದರೆ, ಬೆಳಗಿನ ಉಪ್ಪಿಟ್ಟು.

ಕ್ಯಾನ್ಸರ್ ಎಂಬ ಪದ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಆದರೆ ನನ್ನ ಹೆಂಡತಿ ಗಿರಿಜೆ ದೇವರ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು. ಡಾಕ್ಟರ್ ಎಂಡೋಸ್ಕೋಪಿಗೆ ಬರೆದರು. ಹಿಂದಿನ ಸಂಜೆಯಿಂದ ನೀರಿನ ಹೊರತು ಬಾಯಿಗೆ ಏನೂ ಹಾಕಬಾರದು ಎಂದರು. ಹಾಕಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮಂಪರು ಇಳಿದು ಎಚ್ಚರಾದಾಗ ನರ್ಸ್ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು. ಹೊಟ್ಟೆಯ ತುಂಬ ಅನ್ನ. ಏನೂ ಕಾಣಿಸದೆ ಟೆಸ್ಟ್ ನಿಲ್ಲಿಸಿದ್ದರು.

"ಕಾಕಾ, ರಾತ್ ಕೋ ಕ್ಯಾ ಖಾಯಾ?" ರಾತ್ರಿ ಏನು ತಿಂದೆನೆಂದು ವಿಚಾರಣೆ.

"ಕುಛ್ ನಹೀ."

"ಸಬ್ ಐಸಾಹೀ ಬೋಲ್ತೇ ಹೈ," ಎಂದು ನಂಬದೆ ನಕ್ಕಳು.

ಗಿರಿಜೆ ನಗಲಿಲ್ಲ. ರಿಕ್ಷಾದಲ್ಲೇ ಶುರುಮಾಡಿದಳು. "ಹಸಿವಾದ್ರೆ ಹೇಳ್ಬಹುದಿತ್ತಲ್ಲ ಮಾರಾಯ್ರೆ. ಕದ್ದು ತಿನ್ಲಿಕ್ಕೆ ನೀವೇನು ಸಣ್ಣ ಮಗುವಾ?"

"ತಿಂದಿಲ್ಲ ಅಂತ ಹೇಳಿದೆನಲ್ಲ."

"ಹಾಗಾದ್ರೆ ಅನ್ನ ತಾನೇ ನಡ್ಕೊಂಡು ಒಳಗೆ ಹೋಯ್ತಾ?"

ದಹಿಸರ್‌ನಲ್ಲಿರುವ ಮಗಳು ರೂಪಾ ಫೋನ್ ಮಾಡಿದಳು. "ಪಪ್ಪಾ, ಸಚ್ಚಿ ಹೇಳಿ. ಚಕ್ಕುಲಿನೂ ತಿಂದ್ರಿ ಕ್ಯಾ? ನಾನು ಗುಸ್ಸಾ ಮಾಡೋದಿಲ್ಲ."

ಚಕ್ಕುಲಿ ಡಬ್ಬ ಅಂದೇ ಜಾಗ ಬದಲಿಸಿತು. ಅಡುಗೆಮನೆಯ ಕೆಳಗಿನ ಶೆಲ್ಫಿನಿಂದ ಕಪಾಟಿನ ನೆತ್ತಿಗೆ. ಸ್ಟೂಲ್ ಹತ್ತದೆ ಸಿಗದು. ನನ್ನ ಮೊಣಕಾಲು ಸ್ಟೂಲ್ ಹತ್ತಲು ಒಪ್ಪದು. ಗಿರಿಜೆಗೆ ಎರಡೂ ಗೊತ್ತು. ಗಲ್ಲಾದ ಮೇಲೆ ಕೂತಷ್ಟು ಕಾಲವೂ ನನ್ನ ಮಾತನ್ನು ಯಾರೂ ಎರಡನೆಯ ಸಲ ಕೇಳಿದ್ದಿಲ್ಲ. ಈಗ ಸ್ವಂತ ಮನೆಯಲ್ಲಿ ನಾನು ತಿಂಡಿಕಳ್ಳ. ಹೊಟ್ಟೆಯ ಬೇನೆಗಿಂತ ಇದು ಹೆಚ್ಚು ನೋಯಿಸಿತು.

ಎರಡನೆಯ ಎಂಡೋಸ್ಕೋಪಿಗೆ ಮೊದಲು ಎರಡು ದಿನ ಬರೀ ಗಂಜಿನೀರು, ಮಜ್ಜಿಗೆ. ಗಿರಿಜೆಯ ಕಾವಲು. ಈ ಸಲ ಹೊಟ್ಟೆ ಸ್ವಚ್ಛವಿತ್ತು. ಸ್ವಲ್ಪ ಗ್ಯಾಸ್ಟ್ರೈಟಿಸ್, ಅಷ್ಟೇ.

ಗಂಟಿಲ್ಲ. ಕ್ಯಾನ್ಸರ್ ಇಲ್ಲ.

ಗಿರಿಜೆ ಆಸ್ಪತ್ರೆಯ ಕಾರಿಡಾರಿನಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ನನ್ನತ್ತ ತಿರುಗಿ, "ನೋಡಿ, ನಾನು ಕಾದು ಕೂತದ್ದಕ್ಕೆ ಖಾಲಿ ಉಂಟು. ಅಂದ್ರೆ ಆವತ್ತು ತಿಂದದ್ದು ಹೌದು," ಎಂದಳು. ಬದುಕಿದೆ ಎಂಬ ಸಂತೋಷವನ್ನು ಪೂರ್ತಿ ಅನುಭವಿಸಲೂ ಬಿಡಲಿಲ್ಲ.

ನನ್ನನ್ನು ಅನುಮಾನಿಸದೆ ಇದ್ದವರು ಗ್ಯಾಸ್ಟ್ರೋ ಡಾಕ್ಟರ್ ಒಬ್ಬರೇ. ರೂಪಾಳ ಪ್ರಾಯದ ಹೆಣ್ಣುಮಗಳು. ಡಯಾಬಿಟಿಸ್ ಎಷ್ಟು ವರ್ಷದ್ದು ಎಂದು ಕೇಳಿ, ಶುಗರಿನ ಏರಿಳಿತ ನೋಡಿ, ಒಂದು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬಿಡಿಸಿದರು. ಜಠರವನ್ನು ಹಿಂಡಿ ಅನ್ನವನ್ನು ಮುಂದೆ ತಳ್ಳುವಂತೆ ಹೇಳುವ ನರವೊಂದು ಇದೆಯಂತೆ. ಬಹಳ ವರ್ಷದ ಸಕ್ಕರೆಗೆ ಅದು ಸೊರಗಬಹುದು. ಆಗ ತಿಂದದ್ದು ಹೊಟ್ಟೆಯಲ್ಲೇ ಕೂತಿರುತ್ತದೆ. ಇನ್ಸುಲಿನ್ ಹೊತ್ತಿಗೆ ಬಂದು ಕಾಯುತ್ತದೆ, ಅನ್ನ ಬರುವುದಿಲ್ಲ, ಶುಗರ್ ಇಳಿಯುತ್ತದೆ. ಅನ್ನ ಬಂದಾಗ ಇನ್ಸುಲಿನ್ ಹೊರಟುಹೋಗಿರುತ್ತದೆ; ಶುಗರ್ ಏರುತ್ತದೆ. ಏರಿದ ಶುಗರ್ ಹೊಟ್ಟೆಯನ್ನು ಇನ್ನೂ ನಿಧಾನ ಮಾಡುತ್ತದೆ. ಇಂಥ ಇಬ್ಬರು ಪಾಲುದಾರರನ್ನು ನಾನು ಹೋಟೆಲ್ ಧಂದೆಯಲ್ಲಿ ನೋಡಿದ್ದೇನೆ. ಒಬ್ಬ ಕೆಡಿಸಿದ್ದನ್ನು ತೋರಿಸಿ ಇನ್ನೊಬ್ಬ ಮತ್ತಷ್ಟು ಕೆಡಿಸುತ್ತಾನೆ.

ಖಚಿತಪಡಿಸಲು ಬಾಂದ್ರಾದಲ್ಲಿ ಒಂದು ಸ್ಕ್ಯಾನ್. "ಮನೆಯಿಂದ ಇಡ್ಲಿ ತನ್ನಿ," ಎಂದರು.

ತಮಾಷೆ ಎಂದುಕೊಂಡೆ. ಅಲ್ಲ. ಸ್ಕ್ಯಾನಿನಲ್ಲಿ ಹೊಳೆದು ಕಾಣುವ ಔಷಧಿಯನ್ನು ಇಡ್ಲಿಗೆ ಬೆರೆಸಿ ತಿನ್ನಿಸಿ, ಅದು ಹೊಟ್ಟೆಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕ್ಯಾಮೆರಾದಲ್ಲಿ ನೋಡುತ್ತಾರೆ. ಜೀವಮಾನವಿಡೀ ಇಡ್ಲಿಯ ಪರೀಕ್ಷೆ ಮಾಡಿದವನನ್ನು ಇಡ್ಲಿ ಪರೀಕ್ಷಿಸುವ ದಿನ ಬಂತು. ಚಟ್ನಿ ಇಲ್ಲ, ಸಾಂಬಾರ್ ಇಲ್ಲ. ಟೆಕ್ನಿಷಿಯನ್ ಗ್ಲೌಸ್ ಹಾಕಿಕೊಂಡು ಬಡಿಸಿದ. ಅಷ್ಟು ಗಂಭೀರವಾಗಿ ಬಡಿಸುವ ವೇಟರ್ ನಮ್ಮಲ್ಲಿ ಒಬ್ಬನೂ ಇರಲಿಲ್ಲ.

ಗಂಟೆಗೊಂದು ಚಿತ್ರ. ನಡುನಡುವೆ ನಾನೂ ಗಿರಿಜೆಯೂ ಹೊರಗಿನ ಬೆಂಚಿನ ಮೇಲೆ. ನಾಲ್ಕನೆಯ ಗಂಟೆಯ ಚಿತ್ರ ನೋಡಿ ಟೆಕ್ನಿಷಿಯನ್ ತಲೆಯಾಡಿಸಿದ. ಪರದೆಯ ಮೇಲೆ ಒಂದು ಬೆಳಕಿನ ಮುದ್ದೆ, ಬೆಳಿಗ್ಗೆ ಇದ್ದಲ್ಲೇ.

"ಅಂಕಲ್, ಆಪ್‌ಕೀ ಇಡ್ಲಿ ಅಭೀ ತಕ್ ಪ್ಲಾಟ್‌ಫಾರ್ಮ್ ಪೇ ಹೀ ಖಡೀ ಹೈ."

ಇಡ್ಲಿಯ ಗಾಡಿ ಇನ್ನೂ ಪ್ಲಾಟ್‌ಫಾರ್ಮ್ ಬಿಟ್ಟೇ ಇರಲಿಲ್ಲ. ರೋಗ ಇದೆ ಎಂದು ತಿಳಿದು ಅಷ್ಟು ಹಿಗ್ಗಿದ ರೋಗಿಯನ್ನು ಅವನು ನೋಡಿರಲಿಕ್ಕಿಲ್ಲ. "ಮೇರೀ ಮಿಸೆಸ್ ಕೋ ಭೀ ದಿಖಾವ್," ಎಂದೆ.

ಗಿರಿಜೆ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಕ್ಷಮೆ ಕೇಳುತ್ತಾಳೆ ಎಂದು ಕಾದೆ.

"ನನ್ನ ಇಡ್ಲಿ ಅಷ್ಟು ಗಟ್ಟಿಯಾ?" ಎಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಟೆಕ್ನಿಷಿಯನ್ನಿಗೆ ಭಾಷೆ ತಿಳಿಯದಿದ್ದರೂ ಅವನೂ ನಕ್ಕ.

ಈಗ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ, ಮೆತ್ತಗಿನ ಊಟ. ಎಣ್ಣೆ, ನಾರು ಕಡಿಮೆ. ಊಟಕ್ಕೆ ಮೊದಲು ಒಂದು ಮಾತ್ರೆ, ಊಟವಾದ ಮೇಲೆ ಬಿಲ್ಡಿಂಗಿನ ಕಂಪೌಂಡಿನಲ್ಲಿ ನಡಿಗೆ. ಇನ್ಸುಲಿನ್ನಿನ ಹೊತ್ತನ್ನೂ ಅಳತೆಯನ್ನೂ ಡಾಕ್ಟರ್ ಬದಲಿಸಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಯಾಡಿಸುವ ವೇಟರುಗಳನ್ನು ಗದರಿಸುತ್ತಿದ್ದವನು ಈಗ ಡಾಕ್ಟರ ಅಪ್ಪಣೆಯಿಂದ ಬಾಯಾಡಿಸುತ್ತೇನೆ. ನರ ಮೊದಲಿನಂತೆ ಆಗುವುದಿಲ್ಲವಂತೆ. ಶುಗರ್ ಹಿಡಿತದಲ್ಲಿದ್ದರೆ ಹೇಳಿದ ಮಾತನ್ನು ಹೊಟ್ಟೆ ಕೇಳಬಹುದು ಎಂದಿದ್ದಾರೆ. ನಡೆದು ಬಂದರೆ ಗಿರಿಜೆ ಕೇಳುತ್ತಾಳೆ, "ಗಾಡಿ ಹೊರಟಿತಾ?" "ಬೋರಿವಲಿ ಸ್ಟೇಷನ್ ದಾಟಿತು," ಎನ್ನುತ್ತೇನೆ.

ಮೊನ್ನೆ ಸಂಜೆ ಪೇಪರ್ ಓದುತ್ತಿದ್ದೆ. ಹೊಟ್ಟೆಯಲ್ಲಿ ಏನೋ ಚುರುಗುಟ್ಟಿತು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹಸಿವೆ.

ಅಡುಗೆಮನೆಗೆ ಹೋಗಿ ಹೇಳಿದೆ. ಗಿರಿಜೆ ಒಗ್ಗರಣೆಯಿಂದ ತಲೆಯೆತ್ತದೆ ಕೆಳಗಿನ ಶೆಲ್ಫಿನತ್ತ ಕೈತೋರಿಸಿದಳು. ಚಕ್ಕುಲಿ ಡಬ್ಬ ಹಳೆಯ ಜಾಗದಲ್ಲಿತ್ತು. ಯಾವಾಗ ಇಳಿಸಿದಳೋ, ಹೇಳಿರಲಿಲ್ಲ.

"ಅರ್ಧ ಮಾತ್ರ. ಚೆನ್ನಾಗಿ ಅಗಿದು ತಿನ್ನಿ."

ಅರ್ಧ ಮುರಿದೆ. ಅವಳೆದುರೇ ಸ್ಟೂಲ್ ಎಳೆದುಕೊಂಡು ಕೂತು, ಮನೆಗೆಲ್ಲ ಕೇಳುವಂತೆ ಕರಂ ಕರಂ ಎಂದು ತಿಂದೆ.