ಹೊಗೆಯ ಕೆಳಗಿದ್ದವನು

ಪಿಲ್‌ಸುನ್ ಆ ಸಿನಿಮಾವನ್ನು ಎರಡು ಸಲ ನೋಡಿದ್ದರು. ಎರಡೂ ಸಲ ಸಿಯೋಲ್‌ನ ಶಿಲ್ಲಿಮ್‌ನಲ್ಲಿ, ತಮ್ಮ ಅಂಗಡಿಯಿಂದ ಎರಡು ಬೀದಿ ಆಚೆಯ ಚಿತ್ರಮಂದಿರದಲ್ಲಿ, ಹಿರಿಯರ ರಿಯಾಯಿತಿ ಟಿಕೆಟಿನಲ್ಲಿ. ಎರಡೂ ಸಲ ಗಂಡ ಕಾಣಲಿಲ್ಲ.

ಗಂಡ ದಲ್‌ಸು ಮೂವತ್ತೊಂದು ವರ್ಷ ಜೂನಿಯರ್ ಆರ್ಟಿಸ್ಟ್ ಆಗಿದ್ದವರು. ಬಸ್ಸು ಹತ್ತಿ ಮುನ್‌ಗ್ಯೊಂಗ್‌ನ ಕೋಟೆ ಸೆಟ್ಟಿಗೆ ಹೋಗುವುದು, ಗಡ್ಡ ಅಂಟಿಸಿಕೊಳ್ಳುವುದು, ಆಮೇಲೆ ಸೈನಿಕ, ಉಪ್ಪು ಮಾರುವವ, ಭಿಕ್ಷುಕ, ಹೆಣ, ಹೇಳಿದ್ದು ಆಗುವುದು. ಆ ಕಸುಬಿನ ಮೊದಲ ಪಾಠ, ಕ್ಯಾಮೆರಾ ಕಡೆ ನೋಡಬಾರದು. ಒಬ್ಬ ನೋಡಿದರೆ ಇನ್ನೂರು ಜನರ ಶಾಟ್ ಹಾಳು. ದಲ್‌ಸು ಒಮ್ಮೆಯೂ ನೋಡಲಿಲ್ಲ. ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೂ ಅವರ ಕಣ್ಣು ತಾನಾಗಿ ಪಕ್ಕಕ್ಕೆ ಹೊರಳುತ್ತಿತ್ತು. ಅರವತ್ತನೇ ಹುಟ್ಟುಹಬ್ಬದ ಫೋಟೋದಲ್ಲಿ ಅವರು ಕಿಟಕಿ ನೋಡುತ್ತಿದ್ದಾರೆ. ಜೆಜು ದ್ವೀಪದ ಫೋಟೋದಲ್ಲಿ ಹೆಂಡತಿ ನೇರ ನೋಡಿ ನಗುತ್ತಿದ್ದರೆ ಅವರು ದೂರದಲ್ಲಿ ಮೇಯುವ ಕುದುರೆಯನ್ನು ನೋಡುತ್ತಿದ್ದಾರೆ. ಕಳೆದ ಚಳಿಗಾಲದಲ್ಲಿ ತೀರಿಕೊಂಡಾಗ, ಅಂತ್ಯಕ್ರಿಯೆಯ ಹೂಗಳ ನಡುವೆ ಇಡಲು ನೇರ ನೋಟದ ಪಟ ಸಿಗದೆ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಬೇಕಾಯಿತು. ಅದರಲ್ಲಿ ಅವರು ಯಾವುದೋ ಅಧಿಕಾರಿಯ ಪ್ರಶ್ನೆಗೆ ಉತ್ತರ ಹೊಳೆಯದೆ ನಿಂತವರ ಹಾಗಿದ್ದಾರೆ.

ಕೋಟೆ ಮುತ್ತಿಗೆಯ ಈ ಸಿನಿಮಾ ಅವರ ಕೊನೆಯದು. ಚಿತ್ರೀಕರಣ ಮುಗಿಸಿ ಬಂದ ದಿನ ಊಟಕ್ಕೆ ಕೂತಾಗ ಹೇಳಿದ್ದರು: “ರಾಜ ಕುದುರೆ ಮೇಲೆ ಬಾಗಿಲಿಗೆ ಬರ್ತಾನಲ್ಲ, ಆಗ ಎಡಗಡೆ ಮೂಲೆ ನೋಡು. ದೊಡ್ಡ ಕಡಾಯಿ ಇರುತ್ತೆ. ಬೆಂಕಿ ಹಾಕೋನು ನಾನೇ. ಈ ಸಲ ಹತ್ತಿರದಿಂದ ತೆಗೆದಿದಾರೆ ಕಣೇ.”

ಪಿಲ್‌ಸುನ್ ನೋಡಿದರು. ಕಡಾಯಿಯ ಅಂಚು ಕಂಡಿತು, ಹೊಗೆ ಕಂಡಿತು. ಅಲ್ಲಿಗೆ ಪರದೆ ಮುಗಿದಿತ್ತು. ಮೊದಲ ಸಲ, ತಾನೇ ಕಣ್ಣು ಮಿಟುಕಿಸಿರಬೇಕು ಅಂದುಕೊಂಡರು. ಎರಡನೇ ಸಲ ಟಿಕೆಟ್ ಕೌಂಟರಿನ ಹುಡುಗಿಯ ಮುಂದೆ ಹೋಗಿ ನಿಂತರು.

“ನಮ್ಮ ಯಜಮಾನರನ್ನ ಕತ್ತರಿಸಿಬಿಟ್ಟಿದೀರ?”

ಹುಡುಗಿ ಮೊದಲು ಗಾಬರಿಯಾದಳು. ವಿಷಯ ತಿಳಿದ ಮೇಲೆ ಒಂದು ಚೀಟಿಯ ಹಿಂದೆ ಎತ್ತರದ ಚೌಕ ಬರೆದು, ಅದರ ನಡುವೆ ಅಗಲವಾದ ಪಟ್ಟಿಯೊಂದನ್ನು ಎಳೆದಳು.

“ನೋಡಿ ಅಜ್ಜಿ, ಅವರು ತೆಗೆದಿರೋದು ಇಷ್ಟೆತ್ತರ. ನಮ್ಮ ಪರದೇಲಿ ಬರೋದು ಈ ಪಟ್ಟಿ ಮಾತ್ರ. ಪೂರ್ತಿ ಬೇಕು ಅಂದ್ರೆ ನದಿ ಆಚೆ ದೊಡ್ಡ ಪರದೆಗೆ ಹೋಗ್ಬೇಕು. ಅಲ್ಲಿ ನಾಳೆ ಕೊನೇ ದಿನ. ನಾಡಿದ್ದಿಂದ ಬೇರೆ ಸಿನಿಮಾ.”

“ಮೊಮ್ಮಕ್ಕಳಿಲ್ಲದೋಳನ್ನ ಅಜ್ಜಿ ಅನ್ಬೇಡ,” ಎಂದು ಪಿಲ್‌ಸುನ್ ಆ ಚೀಟಿಯನ್ನು ಮಡಚಿ ಇಟ್ಟುಕೊಂಡರು.

ಅಂಗಡಿಯಲ್ಲಿ ಅವರು ಮಾರುವುದು ಕಿಮ್ಚಿ, ಸೊಪ್ಪು, ಒಣಮೀನು ಮುಂತಾದ, ಅನ್ನಕ್ಕೆ ನಂಜಿಕೊಳ್ಳುವ ಪದಾರ್ಥಗಳು. ಜೊತೆಗೆ ದುಡಿಯುವ ಮಲ್‌ಜಾ ದಲ್‌ಸು ಅವರ ತಂಗಿ. ಅರವತ್ತೆರಡಾದರೂ ಬಾಯಿ ಚುರುಕು. ಚೀಟಿ ನೋಡಿದವಳೇ ಶುರುಮಾಡಿದಳು.

“ಅದೇ ಸಿನಿಮಾ, ಅದೇ ರಾಜ. ಪರದೆ ದೊಡ್ಡದಾದ್ರೆ ರಾಜ ಏನು ದಪ್ಪ ಆಗ್ತಾನಾ ಅತ್ತಿಗೆ?”

“ರಾಜನ್ನ ನೋಡೋಕೆ ಯಾರು ಹೋಗ್ತಾರೆ?”

“ಮೂರು ಪಟ್ಟು ದುಡ್ಡಂತೆ! ಅಣ್ಣ ಇದ್ದಿದ್ರೆ ಚೆನ್ನಾಗಿ ಬೈತಿದ್ದ.”

“ಇದ್ದಿದ್ರೆ ನಾನ್ಯಾಕೆ ಹೋಗ್ತಿದ್ದೆ?”

ಮಲ್‌ಜಾ ಮೂಲಂಗಿ ಹೋಳುಗಳನ್ನು ಜಾಡಿಗೆ ಒತ್ತಿ ಒತ್ತಿ ತುಂಬಿದಳು. ಮುಚ್ಚಳ ಹಾಕಿ ಕೈ ಒರೆಸಿಕೊಳ್ಳುತ್ತಾ ಅಂದಳು: “ನಾನೂ ಬರ್ತೀನಿ. ಆ ಕಡೆ ರೈಲು ಬದಲಾಯಿಸೋದು ನಿಮಗೆ ಗೊತ್ತಾಗಲ್ಲ.”

ಮರುದಿನ ಬೆಳಿಗ್ಗೆ ಒಂಬತ್ತೂವರೆಯ ಆಟ. ಮಧ್ಯದ ಸೀಟುಗಳಿಗೆ ಅಲ್ಲಿ ದೊಡ್ಡ ಪೈಪೋಟಿ. ಮೂರು, ನಾಲ್ಕನೇ ಸಲ ನೋಡುವ ಯುವಕರು ವಾರಕ್ಕೆ ಮೊದಲೇ ಕಾದಿರಿಸುತ್ತಾರೆ. ಖಾಲಿ ಉಳಿಯುವುದು ಮೊದಲ ಸಾಲು.

“ಮೊದಲ ಸಾಲು ಬೇಡಮ್ಮ, ಕತ್ತು ಹಿಡ್ಕೊಳ್ಳುತ್ತೆ,” ಎಂದ ಕೌಂಟರಿನವನು. “ಈಗಷ್ಟೇ ಯಾರೋ ರದ್ದು ಮಾಡಿದಾರೆ, ನಡುವೆ ಎರಡಿದೆ. ಅದೃಷ್ಟ ನಿಮ್ದು.”

“ನಡುವೆ ಬೇಡಪ್ಪ. ನಮ್ಮೋರು ಎಡಗಡೆ ಮೂಲೇಲಿದಾರೆ.”

ಗೋಡೆ ಬದಿಯ ಸೀಟಿನಲ್ಲಿ ಮಲ್‌ಜಾ, ಅವಳ ಬಲಕ್ಕೆ ಪಿಲ್‌ಸುನ್. ಪರದೆ ಆರಂತಸ್ತಿನ ಮನೆಯಷ್ಟು ಎತ್ತರ. ಸಿನಿಮಾ ಶುರುವಾಗಿ ರಾಜನ ಮುಖ ಬಂತು.

“ಇಷ್ಟು ಹತ್ರದಿಂದ ಮೂಗಿನ ಕೂದಲು ಎಣಿಸಬಹುದು,” ಎಂದಳು ಮಲ್‌ಜಾ. ನಾಲ್ಕು ಗಂಟೆಗೇ ಎದ್ದು ಕಿಮ್ಚಿಯ ಎಲೆಕೋಸಿಗೆ ಉಪ್ಪು ಹಚ್ಚಿದ್ದವಳು. ಅರ್ಧ ಗಂಟೆಯಲ್ಲಿ ನಿದ್ದೆ ಹೋದಳು.

ಆ ದೃಶ್ಯ ಬರುವುದು ಒಂದು ಗಂಟೆ ನಲವತ್ತು ನಿಮಿಷಕ್ಕೆ. ಕೋಟೆ ಬಾಗಿಲು ತೆರೆಯಿತು. ಹೊಗೆ ಕಂಡಿತು, ಕಡಾಯಿಯ ಅಂಚು ಕಂಡಿತು. ಇಲ್ಲಿ ಅಂಚಿನ ಕೆಳಗೆ ಕಡಾಯಿಗೆ ಹೊಟ್ಟೆಯಿತ್ತು, ಹೊಟ್ಟೆಯ ಕೆಳಗೆ ಬೆಂಕಿ, ಬೆಂಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಒಬ್ಬ ಮನುಷ್ಯ. ಎಡಗಾಲನ್ನು ಮಾತ್ರ ಮುಂದಕ್ಕೆ ಚಾಚಿದ್ದ. ಮಂಡಿನೋವು; ಅಂಗಡಿಯಲ್ಲಿ ಬೆಳ್ಳುಳ್ಳಿ ಸುಲಿಯಲು ಕೂರುತ್ತಿದ್ದದ್ದೂ ಹೀಗೆಯೇ.

ದಲ್‌ಸು ಎರಡು ಸೌದೆ ಹಾಕಿದರು. ಹೊಗೆ ಕಣ್ಣಿಗೆ ಬಡಿಯಿತು. ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡು ತಲೆ ಎತ್ತಿದರು. ಸುತ್ತಲಿನವರೆಲ್ಲ ಬಲಕ್ಕೆ, ರಾಜನ ಕಡೆಗೆ ತಿರುಗಿದ್ದರು. ದಲ್‌ಸು ಅವರ ಕಣ್ಣು ಎಂದಿನಂತೆ ಕ್ಯಾಮೆರಾ ತಪ್ಪಿಸಿ ಎಡಕ್ಕೆ, ಕೆಳಕ್ಕೆ, ಪರದೆಯ ಆಚೆಗೆ ಹೋಯಿತು. ಮೂರು ಉಸಿರಿನಷ್ಟು ಹೊತ್ತು. ಆಮೇಲೆ ಕುದುರೆಗಳು ಬಂದವು.

ಆ ನೋಟ ತನ್ನ ಮೇಲೆ ಬೀಳಲಿಲ್ಲ ಎಂಬುದು ಪಿಲ್‌ಸುನ್‌ಗೆ ಖಚಿತವಾಗಿತ್ತು. ಒಂದು ಸೀಟಿನಷ್ಟು ಆಚೆಗೆ ಬಿದ್ದಿತ್ತು. ತಿರುಗಿ ನೋಡಿದರು. ಮಲ್‌ಜಾ ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಹೊರಗೆ ಬಂದ ಮೇಲೆ ಮಲ್‌ಜಾ ಕತ್ತು ನೀವಿಕೊಳ್ಳುತ್ತಾ ಕೇಳಿದಳು: “ಕಂಡ್ನಾ?”

“ಕಂಡ್ರು.”

“ಈ ಸಲನಾದ್ರೂ ನೆಟ್ಟಗೆ ನೋಡಿದ್ನಾ?”

“ನೋಡಿದ್ರು. ನಿನ್ನನ್ನ.”

“ಸುಮ್ನೆ ಹೇಳ್ಬೇಡಿ.”

“ನಿನ್ನ ಸೀಟಿಗೇ ಬಿತ್ತು ಕಣೇ ಕಣ್ಣು. ಗೊರಕೆ ಹೊಡೀತಿದ್ದೆ.”

ಮಲ್‌ಜಾ ನಡೆಯುತ್ತಿದ್ದವಳು ನಿಂತಳು. “ಎಬ್ಬಿಸಬಾರದಿತ್ತಾ ಅತ್ತಿಗೆ!”

“ಎಬ್ಬಿಸಿದ್ರೆ ಶಾಟ್ ಹಾಳಾಗ್ತಿತ್ತು.”

ಮಲ್‌ಜಾ ನಗಲಿಲ್ಲ. ಮೂಗು ಒರೆಸಿಕೊಂಡು ನೇರ ಕೌಂಟರಿಗೆ ಹೋದಳು. ಎರಡು ಗಂಟೆಗೆ ಇನ್ನೊಂದು ಆಟವಿತ್ತು, ಅದೇ ಕೊನೆಯದು. ದರ ಕೇಳದೆ ತನ್ನ ಪರ್ಸು ತೆರೆದಳು.

“ಮೊದಲ ಸಾಲು, ಎಡ ಮೂಲೆ, ಎರಡು. ಗೋಡೆ ಪಕ್ಕದ್ದು ಇವರಿಗೆ.”

“ಬೇಡ, ನೀನೇ ಕೂರು,” ಎಂದರು ಪಿಲ್‌ಸುನ್. “ನೋಡಿದ್ದು ನಿನ್ನನ್ನ.”

“ನಿದ್ದೆ ಮಾಡೋರನ್ನ ಯಾರು ಬೇಕಾದ್ರೂ ನೋಡ್ತಾರೆ. ಎಚ್ಚರ ಇರೋರನ್ನ ನೋಡ್ಲಿ ಅವನು, ಧೈರ್ಯ ಇದ್ರೆ.”

ಆಟಕ್ಕೆ ಇನ್ನೂ ಹೊತ್ತಿತ್ತು. ಇಬ್ಬರೂ ಮೆಟ್ಟಿಲ ಬಳಿಯ ಬೆಂಚಿನಲ್ಲಿ ಕೂತು, ಮನೆಯಿಂದ ತಂದ ಕಿಂಬಾಪ್ ಬಿಚ್ಚಿದರು. ಮಲ್‌ಜಾ ಅನ್ನದ ಸುರುಳಿಗಳನ್ನು ಒಂದೊಂದಾಗಿ ತಿನ್ನುತ್ತಿದ್ದಳು. ಪಿಲ್‌ಸುನ್ ತಿನ್ನಲಿಲ್ಲ. ಕೈಚೀಲದಿಂದ ಬಾಚಣಿಗೆ ತೆಗೆದು, ಎದುರಿನ ಗಾಜಿನ ಬಾಗಿಲು ನೋಡಿಕೊಂಡು, ತಲೆ ಬಾಚಿಕೊಳ್ಳತೊಡಗಿದರು.