ಎದುರುಮನೆ ಮಾಮ ಹಾಕಿದ ಬೀಗ

ಕಳೆದ ವಾರ ಅಮ್ಮನ ಟ್ರಂಕಿನಿಂದ ರಗ್ಗು ತೆಗೆಯುವಾಗ ಅದರಡಿಯಲ್ಲಿ ಒಂದು ಕ್ರೋಶಾ ಮುಸುಕು ಸಿಕ್ಕಿತು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ನಮ್ಮ ಮೊದಲ ಕಂಪ್ಯೂಟರಿನ ಕೀಬೋರ್ಡಿಗೆಂದು ಅಮ್ಮ ಹೆಣೆದದ್ದು. ಮುಟ್ಟಿದ್ದೇ ತಡ, ಮೈಯೆಲ್ಲ ಉರಿಯಿತು. ಎದುರುಮನೆ ಮಾಮ ನೆನಪಾದ. ಹಿರಿಯರು, ‘ಅವರು’ ಎನ್ನಬೇಕು. ಇಷ್ಟು ವರ್ಷ ಕಳೆದರೂ ನನ್ನ ಬಾಯಿಗೆ ಹಾಗೆ ಬರುವುದಿಲ್ಲ.

ಆಗ ನಾವು ಕಾರವಾರದ ಹತ್ತಿರ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದೆವು. ಫೋನಿನ ವಯರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಕೀಂ, ಕರ್ರ್ ಎಂದು ಕಿರುಚಿ ಇಂಟರ್ನೆಟ್ ಬರುತ್ತಿದ್ದ ಕಾಲ. ಅಪ್ಪನಿಗೆ ಅದರ ತಲೆಬುಡ ತಿಳಿಯದು. ಸೆಟ್ಟಿಂಗ್ ಏನಿದ್ದರೂ ಮಾಮನೇ ಬರಬೇಕು. ಬನಿಯನ್ನಿನ ಮೇಲೆ ಟವೆಲು ಹಾಕಿಕೊಂಡು ಬಂದು, ಚಹಾ ಕುಡಿದು, ಮೌಸು ಹಿಡಿಯುತ್ತಿದ್ದ. ಅಪ್ಪ ಹಿಂದೆ ಕೈಕಟ್ಟಿ ನಿಂತಿರುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ.

ಆ ವರ್ಷ ನನ್ನ ಪಿಯುಸಿ ಮುಗಿದಿತ್ತು. ಚಿತ್ರಕಲಾ ಕಾಲೇಜು ಸೇರಬೇಕೆಂಬುದೊಂದೇ ಹುಚ್ಚು. ಅದರ ಅರ್ಜಿ ಇಂಟರ್ನೆಟ್ಟಿನಲ್ಲೇ ಸಿಗುತ್ತಿತ್ತು. ಅಪ್ಪ ಇಲ್ಲದಾಗ ಹುಡುಕಿಟ್ಟಿದ್ದೆ. ಮೊದಲು ಅಮ್ಮನನ್ನು ಒಪ್ಪಿಸಿ, ಆಮೇಲೆ ಅವಳಿಂದ ಅಪ್ಪನನ್ನು... ಅಷ್ಟರಲ್ಲಿ ಒಂದು ಭಾನುವಾರ, ಇಂಟರ್ನೆಟ್ ನಿಧಾನವಾಗಿದೆಯೆಂದು ಅಪ್ಪ ಮಾಮನನ್ನು ಕರೆದರು. ಅವನು ಆ ಕೆಲಸ ಬಿಟ್ಟು ಹಿಸ್ಟರಿ ತೆರೆದ. ಮನೆಯಲ್ಲಿ ಏನೇನು ನೋಡಿದ್ದೇವೆ ಎಂಬುದೆಲ್ಲ ಅಲ್ಲಿ ಸಾಲಾಗಿತ್ತು.

“ನಿಮ್ ಹುಡ್ಗಿ ಚಿತ್ರ ಬರ್ಯೂ ಕಾಲೇಜು ಹುಡುಕ್ತಾ ಅದೆ ಮಾರಾಯ್ರೆ. ಹಾಸ್ಟೆಲೂ ನೋಡಿಟ್ಟದೆ. ನಿಮಗೆ ಗೊತ್ತದ್ಯಾ?”

ಅಪ್ಪನ ಮುಖ ಕೆಂಪಾಯಿತು. “ಚಿತ್ರ ಬರ್ದ್ರೆ ಹೊಟ್ಟೆ ತುಂಬ್ತದಾ? ಕಾರವಾರದಲ್ಲೇ ಬಿಕಾಂ ಮಾಡ್ಲಿ.”

ಮಾಮ ಉರಿಯುವ ಬೆಂಕಿಗೆ ತುಪ್ಪ ಸುರಿದ. “ಬೀಗ ಹಾಕ್ತೆ ಬಿಡಿ. ಇನ್ನು ನಾ ಪಾಸ್‌ವರ್ಡ್ ಹೊಡೀದೆ ಒಂದ್ ಪೇಜೂ ತೆರಿಯುದಿಲ್ಲ.” ಅಮ್ಮನ ಮುಸುಕನ್ನು ಕೈಮೇಲೆ ಎಳೆದುಕೊಂಡು, ನನಗೆ ಕಾಣದಂತೆ ಪಾಸ್‌ವರ್ಡ್ ಹೊಡೆದ. ನನ್ನದೇ ಮನೆಯಲ್ಲಿ ನಾನು ಕಳ್ಳಿಯಾದೆ.

ಎರಡು ದಿನ ಅತ್ತೆ. ಆಮೇಲೆ ಹಲ್ಲು ಕಚ್ಚಿಕೊಂಡು ಕಾದೆ. ಅಪ್ಪನಿಗೆ ಕ್ರಿಕೆಟ್ ಸ್ಕೋರು ತೋರಿಸಲು ಅವನು ಬಂದ ಒಂದು ಸಂಜೆ ಬಟಾಟೆ ಭಜಿ ಕರಿದೆ. ಎಣ್ಣೆ ಬಸಿಯಲಿಲ್ಲ, ಕೈ ಒರೆಸಲು ಪೇಪರೂ ಕೊಡಲಿಲ್ಲ. ತಿಂದವನೇ ಮುಸುಕಿನಡಿ ಕೈಯಿಟ್ಟ. ಟಕ್ ಟಕ್ ಟಕ್ ಟಕ್. ಉಳಿದದ್ದೆಲ್ಲ ಮೌಸಿನಲ್ಲೇ ಒತ್ತಿದ. ಅವನು ಹೋದ ಮೇಲೆ ಕೀಬೋರ್ಡನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿದೆ. ಒಂದೇ ಒಂದು ಕೀ ಜಿಡ್ಡಿನಿಂದ ಹೊಳೆಯುತ್ತಿತ್ತು, ಒಂದರ ಅಂಕಿಯದು. ಇಡೀ ಕಾಲನಿಯ ಕಂಪ್ಯೂಟರ್ ಪಂಡಿತನ ಮಹಾ ರಹಸ್ಯ, ನಾಲ್ಕು ಸಲ ಒಂದು!

ಮರುದಿನ ಅಪ್ಪ ಡ್ಯೂಟಿಗೆ ಹೋದೊಡನೆ ಬೀಗ ತೆಗೆದೆ. ಕಾಲೇಜಿನ ಪೇಜು ಮೇಲಿನಿಂದ ನಿಧಾನವಾಗಿ ಇಳಿಯಿತು. ಅರ್ಜಿಯ ಕೊನೆಯ ದಿನ ಹಿಂದಿನ ವಾರವೇ ಮುಗಿದಿತ್ತು... ಆಮೇಲೆ ಹಳೇ ಪಾಸ್‌ವರ್ಡ್ ತೆಗೆದು ನನ್ನದನ್ನು ಹಾಕಿದೆ.

ಮುಂದಿನ ಸಲ ಮಾಮ ಒಬ್ಬನೇ ಬಂದಿದ್ದರೆ ಅಷ್ಟು ರುಚಿಸುತ್ತಿರಲಿಲ್ಲ. ಅವನ ಮನೆ ಫೋನು ಸತ್ತಿತ್ತು; ತನ್ನ ಸಾಹೇಬರಿಗೆ ಮೇಲ್ ತೆರೆದು ತೋರಿಸಲು ಅವರನ್ನು ನಮ್ಮಲ್ಲಿಗೇ ಕರೆತಂದ. ಮುಸುಕು ಎಳೆದುಕೊಂಡು ಹೊಡೆದ. ತಪ್ಪು. ಮತ್ತೆ ಹೊಡೆದ. ತಪ್ಪು. ಕಿವಿಯ ಹಿಂದೆ ಬೆವರಿಳಿಯಿತು. ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು.

“ಮಶಿನ್ನೇ ಹಾಳಾಗ್ಯದೆ,” ಎಂದ ಮಾಮ.

ನಾನು ಭಜಿಯ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿದ್ದೆ. “ಮಾಮಾ, ಇನ್ನೊಂದ್ ಭಜಿ ತಕಳಿ,” ಎಂದೆ. ಅಂಥ ಖುಷಿ ಮತ್ತೆ ಸಿಗಲಿಲ್ಲ. ಅದಾದ ಮೇಲೆ ಅವನು ನಮ್ಮ ಕಂಪ್ಯೂಟರ್ ಮುಟ್ಟಲಿಲ್ಲ. ರಿಟೈರಾಗಿ ತನ್ನೂರು ಕಿನ್ನರಕ್ಕೆ ಹೋದ.

ನಾನು ಬಿಕಾಂ ಮಾಡಿದೆ, ಭಾವಿಕೇರಿಗೆ ಸೊಸೆಯಾದೆ. ಅಂಕೋಲೆಯ ಸೊಸೈಟಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಚಿತ್ರ ಬರೆಯುವುದು ಚೌತಿಯ ರಂಗೋಲಿಗಷ್ಟೇ. ಆದರೆ ಒಂದು ಆಸೆ ಮಾತ್ರ ಬಿಟ್ಟಿರಲಿಲ್ಲ. ಎಲ್ಲಾದರೂ ಅವನನ್ನು ನಿಲ್ಲಿಸಿ, ‘ಪಾಸ್‌ವರ್ಡ್ ಬದಲಿಸಿದ್ದು ನಾನೇ, ಯಾಕೆಂದು ಕೇಳು’ ಎನ್ನಬೇಕಿತ್ತು. ಒಮ್ಮೆ ಮದುವೆಮನೆಯಲ್ಲಿ ದೂರದಿಂದ ಕಂಡಿದ್ದ. ಇನ್ನೊಮ್ಮೆ ಸಿಕ್ಕೇ ಸಿಗುತ್ತಾನೆಂದು ಬಿಟ್ಟೆ...

ಮುಸುಕು ಹಿಡಿದುಕೊಂಡೇ ಅಮ್ಮನ ಬಳಿ ಅವನ ಸುದ್ದಿ ಕೇಳಿದೆ.

“ಅವ್ರು ಮಳಿಗಾಲದಲ್ಲೇ ತೀರ್ಕಂಡ್ರಲ್ಲೇ. ನಿಂಗೆ ಹೇಳ್ಲಿಲ್ವಾ ನಾನು?”

ಇದೂ ನನಗೆ ಕೊನೆಯ ದಿನ ಮುಗಿದ ಮೇಲೆಯೇ ತಿಳಿಯಿತು. ಮಶಿನ್ ಹಾಳಾಗಿತ್ತು ಎಂದುಕೊಂಡೇ ಹೋದ.